ಪುಟದ ಕೆಳಗಿನ ಸಹಿ

ಆಗಸ್ಟ್ 4, 2025, ಸೋಮವಾರ. ಬೆಳಿಗ್ಗೆ 7.10

ಪುಟ 1ರಿಂದ 12. ಓದಿದೆ. ಪ್ರತಿ ಪುಟದ ಕೆಳಗೆ ಬಲಮೂಲೆಯಲ್ಲಿ ಸಣ್ಣ ಸಹಿ, ಪಕ್ಕದಲ್ಲಿ ಗಂಟೆ. ಇಪ್ಪತ್ತಾರು ವರ್ಷ ಕಂಡಕ್ಟರ್ ಕೆಲಸ ಮಾಡಿದ ಕೈ. ಸ್ಟೇಜ್ ಬಂತು, ಟಿಕೆಟ್ ಕ್ಲೋಸ್, ಟಿಕೆಟ್ ಲೆಕ್ಕದ ಹಾಳೆ ವೇಬಿಲ್, ಅದರ ಮೇಲೆ ಸಹಿ. ಕ್ಲೋಸ್ ಆದದ್ದನ್ನು ತಿರುಗಿ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಎಡಗಾಲಿಗೆ ಪ್ಲಾಸ್ಟರ್. ಡಿಪೋದ ಮೆಟ್ಟಿಲು, ಜಿಟಿಜಿಟಿ ಮಳೆ, ಹೊಸ ಚಪ್ಪಲಿ... ಅಷ್ಟೇ ಕಥೆ. ಸೆಪ್ಟೆಂಬರ್ ಅರ್ಧದವರೆಗೆ ಡ್ಯೂಟಿ ಇಲ್ಲ. ಉಣಕಲ್ಲಿನ ಈ ಮನೆಯ ಪಡಸಾಲೆ, ಒಂದು ಕುರ್ಚಿ, ಕಾಲಿಡಲು ಒಂದು ಸ್ಟೂಲು.

ಪುಸ್ತಕ ನನ್ನದಲ್ಲ. ಮಗಳು ಸೃಷ್ಟಿಯದು. ನರ್ಸಿಂಗ್ ಮೊದಲ ವರ್ಷದ ಅನಾಟಮಿ-ಫಿಜಿಯಾಲಜಿ. 436 ಪುಟ, ಪೂರ್ತಿ ಇಂಗ್ಲಿಷ್. ಇದೊಂದರಲ್ಲೇ ಫೇಲ್. ಉಳಿದದ್ದೆಲ್ಲ ಪಾಸು.

ಹೋದ ಗುರುವಾರ ರಿಸಲ್ಟ್ ಬಂದಾಗ ಉಪ್ಪಿನಬೆಟಗೇರಿಯಿಂದ ಅವಳ ಸೋದರಮಾವ ಶಿದ್ದಪ್ಪ ಬಂದು ಚಹಾ ಕುಡಿಯುತ್ತಾ ಕೂತಿದ್ದ. ಅವನೆದುರಿಗೇ ಅಂದೆ:

"ಓದೀನಿ ಓದೀನಿ ಅಂತಾಳ. ಪುಸ್ತಕಾ ದಿಂಬು ಮಾಡ್ಕೊಂಡು ಮಲಗ್ಯಾಳ. ಓದಿದವರು ಯಾರರ ಫೇಲ್ ಆಗ್ತಾರೇನು? ತಾ ಇಲ್ಲಿ, ನಾ ಓದಿ ತೋರಸ್ತೇನಿ."

ಒಳಗೆ ಹೋದಳು. ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. "ಓದ್ರಿ ಅಪ್ಪಾ" ಅಂದಳು. ಅವತ್ತಿನಿಂದ ನನ್ನೊಂದಿಗೆ ಮಾತಿಲ್ಲ.

ಸಪ್ಲಿಮೆಂಟರಿ ಪರೀಕ್ಷೆ ಅಕ್ಟೋಬರಿನಲ್ಲಿ. ಫಾರ್ಮ್ ತುಂಬಲು ಸೆಪ್ಟೆಂಬರ್ 15 ಕಡೆಯ ದಿನ. ತುಂಬದಿದ್ದರೆ ಎರಡನೇ ವರ್ಷ ಇಲ್ಲ, ಕಾಲೇಜು ಬಿಟ್ಟ ಹಾಗೆಯೇ. ತುಂಬುವುದಿಲ್ಲ ಎಂದು ತಾಯಿಗೆ ಹೇಳಿದ್ದಾಳಂತೆ. ಹಟ. ಯಾರ ಮಗಳು!

ಇರಲಿ. ದಿನಕ್ಕೆ ಹದಿನೈದು ಪುಟ ಹಿಡಿದರೂ ತಿಂಗಳಲ್ಲಿ ಮುಗಿಯುತ್ತದೆ. ಓದಿ ತೋರಿಸಿದರೆ ತಾನೇ ದಾರಿಗೆ ಬರುತ್ತಾಳೆ.

ಆಗಸ್ಟ್ 5, ಮಂಗಳವಾರ. ಬೆಳಿಗ್ಗೆ 9.00

ಪುಟ 13ರಿಂದ 34. ಸ್ಪೀಡ್ ಹೆಚ್ಚಾಗಿದೆ. ಕಾರಣವಿದೆ. ಇಂಗ್ಲಿಷ್ ಪದಗಳ ನೆತ್ತಿಯ ಮೇಲೆಲ್ಲ ಪೆನ್ಸಿಲ್ಲಿನಲ್ಲಿ ಕನ್ನಡ ಅರ್ಥ ಬರೆದಿದೆ. ಮೆಂಬ್ರೇನ್ ಮೇಲೆ ಪೊರೆ. ಫ್ಲೂಯಿಡ್ ಮೇಲೆ ದ್ರವ. ಹವೆವರ್ ಮೇಲೆ ಆದಾಗ್ಯೂ. ನನಗಂತೂ ಅನುಕೂಲವೇ ಆಯಿತು. ಕೆಳಗಿನ ಇಂಗ್ಲಿಷ್ ಬಿಟ್ಟು ಮೇಲಿನ ಪೆನ್ಸಿಲ್ ಸಾಲನ್ನೇ ಹಿಡಿದುಕೊಂಡು ಹೋದೆ. ನಾನು ಪಿಯುಸಿ, ಇಂಗ್ಲಿಷ್‌ನಲ್ಲಿ ಪಾಸಿಗೆ ಬೇಕಾದ ಮೂವತ್ತೈದಷ್ಟೇ ಬಂದವನು. ನನಗೇ ಇಷ್ಟು ಸುಲಭ ಅಂದ ಮೇಲೆ!

ಕಾಲೇಜಿನ ಪುಸ್ತಕ ಅಂತ ಸುಮ್ಮನೆ ಹೆದರಿಸುತ್ತಾರೆ.

ಸೃಷ್ಟಿ ನೀರಿನ ಕೊಡ ಹಿಡಿದು ಹಾದುಹೋದಳು. ಪುಟದ ಮೂಲೆಯ ಸಹಿಯ ಮೇಲೆ ಕಣ್ಣು ಬಿತ್ತು. ನೋಡಿಯೂ ನೋಡದವಳಂತೆ ಹೋದಳು.

ಆಗಸ್ಟ್ 9, ಶನಿವಾರ. ಮಧ್ಯಾಹ್ನ 1.00

ಪುಟ 118 ಮುಗಿಯಿತು.

ಇಕ್ಬಾಲ ಬಂದಿದ್ದ. ಹನ್ನೊಂದು ವರ್ಷ ಒಂದೇ ಗಾಡಿಯಲ್ಲಿ ಅವನು ಡ್ರೈವರ್, ನಾನು ಕಂಡಕ್ಟರ್. ಬಾಳೆಹಣ್ಣು ತಂದಿದ್ದ. ಪುಸ್ತಕ ನೋಡಿ ಹುಬ್ಬೇರಿಸಿದ.

"ಏನ್ ಸಿದ್ಧಾರೂಢ, ಡಾಕ್ಟರ್ ಆಗಾಕತ್ತಿ ಏನು?"

"ನೂರಾ ಹದಿನೆಂಟು ಪುಟ ಮುಗಿಸೀನಿ. ಆರೇ ದಿನಕ್ಕ."

"ಹಂಗಾರ ಒಂದು ಹೇಳು ನೋಡೂಣು. ಏನರ ಒಂದು."

ಬಾಯಿ ತೆರೆದೆ. ಪೊರೆ ಅಂದೆ. ದ್ರವ ಅಂದೆ.

"ಆ ಪೊರೆ ಏನ್ ಮಾಡ್ತೈತಿ?"

ಗೊತ್ತಿಲ್ಲ. ಪುಟದಲ್ಲಿ ಎಲ್ಲಿತ್ತು ಅನ್ನುವುದು ಗೊತ್ತು. ಎಡಬದಿ, ಮೇಲಿನಿಂದ ನಾಲ್ಕನೇ ಸಾಲು. ಏನು ಮಾಡುತ್ತದೆ ಅಂದರೆ... ಗೊತ್ತಿಲ್ಲ.

ಇಕ್ಬಾಲ ಬಾಳೆಹಣ್ಣು ಸುಲಿಯುತ್ತಾ ನಕ್ಕ. "ಗಾಡಿ ಟೈಮಿಗೆ ಮುಟ್ಟಿಸೀದಿ ಖರೇ. ಒಳಗ ಮಂದೀನ ಇಲ್ಲಲೇ!"

ನಾನೂ ನಕ್ಕೆ. ಅವನು ಹೋದ ಮೇಲೆ ನಗು ಬರಲಿಲ್ಲ.

ಆಗಸ್ಟ್ 10, ಭಾನುವಾರ. ಬೆಳಿಗ್ಗೆ 11.30

ಪದ್ಧತಿ ಮುರಿದೆ. ಕ್ಲೋಸ್ ಆದ ಪುಟಕ್ಕೆ ವಾಪಸ್ ಹೋದೆ. ಪುಟ 41. ನನ್ನ ಸಹಿ ಇದೆ, 6.52 ಅಂತ ಗಂಟೆಯೂ ಇದೆ. ಒಂದು ವಾಕ್ಯ ಹಿಡಿದು ಕೂತೆ. ಪ್ರತಿ ಪದದ ಅರ್ಥ ತಲೆಯ ಮೇಲೇ ಇದೆ. ಆದರೂ ವಾಕ್ಯ ಏನು ಹೇಳುತ್ತಿದೆ ಗೊತ್ತಾಗಲಿಲ್ಲ. ಐದು ಸಲ ಓದಿದೆ. ಊಹೂಂ. ಮೊದಲು ಇದ್ದದ್ದು, ಆಮೇಲೆ ಆದದ್ದು, ಯಾವುದರಿಂದ ಯಾವುದು — ಏನೂ ಕೂಡಿಬರಲಿಲ್ಲ.

ಆಮೇಲೆ ಸುಮ್ಮನೆ ಆ ಪುಟದ ಪೆನ್ಸಿಲ್ ಪದಗಳನ್ನು ಎಣಿಸಿದೆ. ಒಂದು ನೂರಾ ನಲವತ್ಮೂರು. ಪಕ್ಕದ ಪುಟ, ಒಂದು ನೂರಾ ಮೂವತ್ತೊಂದು. ಆದಾಗ್ಯೂ ಅನ್ನುವುದನ್ನು ಬಂದಲ್ಲೆಲ್ಲ ಮತ್ತೆ ಮತ್ತೆ ಬರೆದಿದ್ದಾಳೆ. ಒಮ್ಮೆ ಗೊತ್ತಾದ ಮೇಲೆ ಮತ್ತೆ ಯಾಕೆ? ಒಂದು ಪದವೂ ಖಾಲಿ ಉಳಿಯಬಾರದು ಅಂತ. ನಾನು ಒಂದು ಪುಟವೂ ಸಹಿ ಇಲ್ಲದೆ ಉಳಿಯಬಾರದು ಅಂದ ಹಾಗೆ.

ಪುಟ ತಿರುವಿದೆ. 200. 300. 436, ಕಡೆಯ ಪುಟ. ಅಲ್ಲಿಯೂ ಪೆನ್ಸಿಲ್. ಒಂದೂ ಬಿಟ್ಟಿಲ್ಲ. ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಅಕ್ಷರ: "ತಿಳಿಯಲಿಲ್ಲ. ಮುಂದೆ ಹೋಗು." ಪುಟ 77ರಲ್ಲಿ ಇದೆ. 103ರಲ್ಲಿ ಇದೆ. 206ರಲ್ಲಿ ಎರಡು ಸಲ ಇದೆ.

ಹತ್ತನೇ ಇಯತ್ತೆಯವರೆಗೆ ಕನ್ನಡ ಸಾಲಿ. ಡಿಕ್ಷನರಿ ತೆಗೆದು ಒಂದೊಂದೇ ಪದ ಹುಡುಕಿ ಬರೆದಿದ್ದಾಳೆ. ನಾನೂರಾ ಮೂವತ್ತಾರು ಪುಟ. ಎಷ್ಟು ಸಾವಿರ ಪದ! ಎಷ್ಟು ತಿಂಗಳು!

ದಿಂಬು ಮಾಡಿಕೊಂಡು ಮಲಗಿದ್ದಾಳೆ ಅಂದಿದ್ದೆ. ಶಿದ್ದಪ್ಪನ ಎದುರಿಗೆ.

ನಾಚಿಕೆಯಾಯಿತು. ಇನ್ನೇನು ಬರೆಯಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅದೇ ದಿನ. ಸಂಜೆ 6.00

ಹೆಂಡತಿ ರೇಣವ್ವ ಅಕ್ಕಿ ಆರಿಸುತ್ತಿದ್ದಳು. ಪುಸ್ತಕ ತೋರಿಸಿದೆ.

"ಇಷ್ಟ್ ಬರದಾಳ. ನಿನಗ ಗೊತ್ತಿತ್ತೇನು?"

ಅವಳು ಮೊರದಿಂದ ತಲೆ ಎತ್ತಲಿಲ್ಲ. "ಒಂದ್ ವರ್ಷ ನನ್ನ ಮುಂದ ಕುಂತ ಬರದಾಳ್ರಿ. ಗೊತ್ತಿಲ್ದ ಏನು?"

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀವ್ ಕೇಳಿದ್ರೇನು? ನೀವ್ ಹೇಳಾಕತ್ತಿದ್ರಿ."

ಆಗಸ್ಟ್ 17, ಭಾನುವಾರ. ಸಂಜೆ 5.00

ಒಂದು ವಾರ ಏನೂ ಬರೆದಿಲ್ಲ. ಸಹಿಯೂ ಹಾಕಿಲ್ಲ. ಪುಸ್ತಕ ತೆರೆಯುವುದು, ಮುಚ್ಚುವುದು.

ಇವತ್ತು ಮಹೆಕ ಬಂದಿದ್ದಳು. ಸೃಷ್ಟಿಯ ಕ್ಲಾಸಿನವಳು, ಪಾಸಾಗಿದ್ದಾಳೆ. ತಂದೆ ಗುಲಾಬಸಾಬನದು ಹಳೇಹುಬ್ಬಳ್ಳಿಯಲ್ಲಿ ಗ್ಯಾರೇಜು. ಒಳಗೆ ಇಬ್ಬರ ಮಾತು ಕಿವಿಗೆ ಬಿತ್ತು. ಬೇಡ ಅಂದರೂ ಬೀಳುತ್ತದೆ, ಇದೇನು ಅರಮನೆಯೇ.

ವಿದ್ಯಾನಗರದ ಒಂದು ಹಲ್ಲಿನ ದವಾಖಾನೆಯಲ್ಲಿ ಕೌಂಟರಿಗೆ ಕೂರಲು ಹುಡುಗಿ ಬೇಕಂತೆ. ಸೃಷ್ಟಿ ಮಾತಾಡಿ ಬಂದಿದ್ದಾಳೆ. ಸೆಪ್ಟೆಂಬರ್ 15ಕ್ಕೆ ಬಂದು ಹೂಂ ಅನ್ನಬೇಕು.

"ಹುಚ್ಚಿ ಏನ? ಒಂದ್ ಪೇಪರ್ ಉಳದೈತಿ" ಅಂದಳು ಮಹೆಕ.

"ಅಪ್ಪ ಇಷ್ಟ್ ವರ್ಷ ಟಿಕೆಟ್ ಕೊಟ್ಟಾರ. ನಾ ಟೋಕನ್ ಕೊಡ್ತೇನಿ. ಮನೀ ಕಸಬು" ಅಂದಳು ನನ್ನ ಮಗಳು.

ಚುಚ್ಚಿತು. ಚುಚ್ಚಲಿ ಅಂತಲೇ ಅಂದದ್ದು, ಸ್ವಲ್ಪ ಗಟ್ಟಿಯಾಗಿಯೇ.

ಮಹೆಕ ಹೊರಡುವಾಗ ಕರೆದು ಕೂರಿಸಿದೆ. ನಾಚಿಕೆ ಬಿಟ್ಟು ಕೇಳಿದೆ: ಇಂಥ ಪುಸ್ತಕವನ್ನು ಹೇಗೆ ಓದುತ್ತೀ?

"ನಾನು ಮೊದಲನೇ ಪುಟದಿಂದ ಓದಂಗಿಲ್ರಿ ಕಾಕಾ. ಪಾಠದ ಕಡೇ ಪುಟಾ ಮೊದಲ ಓದ್ತೇನಿ. ಅಲ್ಲಿ ಪ್ರಶ್ನಿ ಇರ್ತಾವಲ್ರಿ, ಅದರಾಗ ಒಂದ್ ತಗೊಂತೇನಿ. ಆಮ್ಯಾಲೆ ಅದಕ್ಕ ಉತ್ತರ ಹುಡುಕ್ಕೊಂತ ಓದೂದು."

"ಪರೀಕ್ಷಾಕ್ಕ ಬರೂ ಪ್ರಶ್ನಿ ಅಂತನು?"

"ಅಲ್ರಿ. ನಮ್ಮ ಅಬ್ಬಾ ಗಾಡಿ ಬಂದ ಕೂಡ್ಲೆ ನಟ್ ಬಿಚ್ಚಂಗಿಲ್ಲ. ಮೊದಲ ಏನ್ ತ್ರಾಸು ಅಂತ ಕೇಳ್ತಾರ. ಸಪ್ಪಳ ಬರತೈತೋ, ಬಿಸಿ ಆಗ್ತೈತೋ... ಅದು ಗೊತ್ತಾದ ಮ್ಯಾಲೆ ಎಲ್ಲಿ ಬಿಚ್ಚಬೇಕು ಗೊತ್ತಾಗ್ತೈತಿ. ಇಲ್ಲಂದ್ರ ಇಡೀ ಇಂಜಿನ್ ಬಿಚ್ಚಿ ಹರವಿದಂಗ. ಮತ್ತ ಜೋಡಸಾಕ ಬರಂಗಿಲ್ಲ."

"ಇಂಗ್ಲಿಷ್ ಪದ ತಿಳೀದಿದ್ರ?"

"ಎಲ್ಲಾ ಹುಡುಕಂಗಿಲ್ರಿ. ಯಾವ ಪದ ಇಲ್ದ ಗಾಡಿ ನಿಂದರತೈತಿ, ಅದನ್ನಷ್ಟ. ಆಮ್ಯಾಲೆ ಪುಸ್ತಕಾ ಮುಚ್ಚಿ ಅಮ್ಮೀಗೆ ಹೇಳ್ತೇನಿ. ಅಮ್ಮೀ ರೊಟ್ಟಿ ಬಡೀತಿರತಾಳ. ಅಕೀಗ್ ತಿಳೀತಂದ್ರ ನನಗ ತಿಳದೈತಿ ಅಂತ."

ಬಾಗಿಲ ಹಿಂದೆ ಬಳೆ ಸದ್ದಾಯಿತು. ಸೃಷ್ಟಿ ಅಲ್ಲೇ ಇದ್ದಳು.

ಆಗಸ್ಟ್ 20, ಬುಧವಾರ. ಬೆಳಿಗ್ಗೆ 10.15

ಹೃದಯದ ಪಾಠ. 201ರಿಂದ 219. ಮೊದಲು 219. ಮೂರನೇ ಪ್ರಶ್ನೆ ಹಿಡಿದೆ. ರಕ್ತ ಒಂದು ಸುತ್ತು ಮುಗಿಸುವಷ್ಟರಲ್ಲಿ ಹೃದಯಕ್ಕೆ ಎರಡು ಸಲ ಯಾಕೆ ಬರುತ್ತದೆ?

ಖರೇ ಪ್ರಶ್ನೆ. ಯಾಕೆ ಎರಡು ಸಲ? ಒಂದೇ ಸಲ ಸಾಲದೇ? ಇದು ತಲೆಯಲ್ಲಿ ಕೂತ ಮೇಲೆ ಓದುವುದೇ ಬೇರೆ ಆಯಿತು. ಬೇಡದ ಪ್ಯಾರಾ ತಾನೇ ಹಿಂದೆ ಸರಿಯಿತು. ಬೇಕಾದ್ದು ಕಂಡ ಕೂಡಲೇ ಬೆರಳಿಟ್ಟೆ. ಎರಡು ದಿನಕ್ಕೆ ನಾಲ್ಕೇ ಪುಟ. ಅದೂ ಮೂರು ಮೂರು ಸಲ.

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ರೂಟ್ ಹಾಕಿದೆ. ಹೃದಯ ಡಿಪೋ. ಡಿಪೋದಿಂದ ಶ್ವಾಸಕೋಶಕ್ಕೆ ಒಂದು ಸಣ್ಣ ಟ್ರಿಪ್ — ಅಲ್ಲಿ ಆಕ್ಸಿಜನ್ ಹತ್ತಿಸಿಕೊಂಡು ವಾಪಸ್ ಡಿಪೋ. ಆಮೇಲೆ ಮೈಯೆಲ್ಲ ಒಂದು ಲಾಂಗ್ ಟ್ರಿಪ್ — ಆಕ್ಸಿಜನ್ ಇಳಿಸಿ ವಾಪಸ್ ಡಿಪೋ. ಎರಡು ಟ್ರಿಪ್, ಅದಕ್ಕೇ ಎರಡು ಸಲ. ಶ್ವಾಸಕೋಶದಿಂದ ಸೀದಾ ಮೈಗೆ ಯಾಕೆ ಹೋಗುವುದಿಲ್ಲ? ಅಷ್ಟು ದೂರ ತಳ್ಳುವ ಒತ್ತಡ ಅಲ್ಲಿ ಉಳಿದಿರುವುದಿಲ್ಲ, ಡಿಪೋಗೆ ಬಂದು ಮತ್ತೆ ಜೋರು ತಗೊಂಡು ಹೋಗಬೇಕು. ಪುಟ 204ರಲ್ಲಿ ಇದೆ. ಒಂದು ವಾಕ್ಯ. ಅದಕ್ಕೆ ಬೇಕಾದದ್ದು ಎರಡೇ ಪದದ ಅರ್ಥ.

ರೇಣವ್ವನಿಗೆ ಹೇಳಿದೆ. ಪುಸ್ತಕ ಮುಚ್ಚಿ. ಅರ್ಧಕ್ಕೆ ತಡವರಿಸಿದೆ, ತೆರೆದು ನೋಡಿ ಮತ್ತೆ ಹೇಳಿದೆ. "ಹಂಗಾರ ಎಡಗಡೆ ಗ್ವಾಡಿ ದಪ್ಪ ಇರಬೇಕಲ್ರಿ, ದೂರ ನೂಕೂದು ಅದ ಅಲ್ಲೇನು?" ಅಂದಳು. ನೋಡಿದರೆ ಅದೂ ಬರೆದಿದೆ! ಎಡಗೋಡೆ ದಪ್ಪ. ಓದದೇ ಹೇಳಿದಳು.

ಈ ವಯಸ್ಸಿನಲ್ಲಿ ಇಷ್ಟು ಖುಷಿ ಆಗಬಾರದೇನೋ. ಆಯಿತು.

ಆಗಸ್ಟ್ 22, ಶುಕ್ರವಾರ. ಮಧ್ಯಾಹ್ನ 3.00

ಗಾಡಿ ನಿಂತಿದೆ. ಪುಟ 206ರ ಚಿತ್ರ. ಆಕ್ಸಿಜನ್ ಇರುವ ರಕ್ತಕ್ಕೆ ಕೆಂಪು ಬಣ್ಣ, ಇಲ್ಲದ್ದಕ್ಕೆ ನೀಲಿ. ಸರಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳಕ್ಕೆ ಹೆಸರು ಆರ್ಟರಿ. ಬಣ್ಣ ನೀಲಿ. ಆದರೆ ಆರ್ಟರಿ ಅಂತ ಬಂದಲ್ಲೆಲ್ಲ ಸೃಷ್ಟಿಯ ಪೆನ್ಸಿಲ್ "ಶುದ್ಧ ರಕ್ತನಾಳ" ಅಂತ ಬರೆದಿದೆ. ಶುದ್ಧ ಅಂದರೆ ಕೆಂಪು ಇರಬೇಕಲ್ಲ? ಎರಡು ದಿನ ತಲೆ ಕೆರೆದುಕೊಂಡೆ.

ಕಡೆಗೆ ಅವಳನ್ನೇ ಕೇಳಿದೆ. ಪರೀಕ್ಷೆ ಮಾಡಲಿಕ್ಕಲ್ಲ, ಖರೇನೇ ಗೊತ್ತಿಲ್ಲದೆ.

"ಇದು ಆರ್ಟರಿ ಅಂತ ಬರದಾರ. ಬಣ್ಣ ನೀಲಿ ಕೊಟ್ಟಾರ. ಪ್ರಿಂಟ್ ತಪ್ಪೈತೇನು?"

ದೂರದಿಂದಲೇ ನೋಡಿದಳು. "ಆರ್ಟರಿ ಅಂದ್ರ ಶುದ್ಧ ರಕ್ತ. ಪ್ರಿಂಟ್ ತಪ್ಪಿರಬೇಕು."

ಇಪ್ಪತ್ತೆರಡು ದಿನದ ಮೇಲೆ ಮೊದಲ ಮಾತು. ಬರೆದಿಟ್ಟುಕೊಂಡೆ.

ಆಗಸ್ಟ್ 24, ಭಾನುವಾರ. ಬೆಳಿಗ್ಗೆ 8.30

ಪ್ರಿಂಟ್ ತಪ್ಪಲ್ಲ!

ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದೆ. ಇಡೀ ಪುಸ್ತಕದಲ್ಲಿ ಪೆನ್ಸಿಲ್ ಮುಟ್ಟದ ಜಾಗ ಅಂದರೆ ಚಿತ್ರದ ಕೆಳಗಿನ ಇಂಥ ಸಾಲುಗಳು. ನಾನೂ ನೋಡಿರಲಿಲ್ಲ, ಪೆನ್ಸಿಲ್ ಇಲ್ಲದ್ದು ನನಗೆ ಪುಸ್ತಕವೇ ಆಗಿರಲಿಲ್ಲವಲ್ಲ. ಡಿಕ್ಷನರಿ ತೆಗೆದು ಬಿಡಿಸಿದೆ. ಹೃದಯದಿಂದ ಹೊರಗೆ ಒಯ್ಯುವುದು ಆರ್ಟರಿ, ಹೃದಯಕ್ಕೆ ವಾಪಸ್ ತರುವುದು ವೇನ್. ಒಳಗೆ ಎಂಥ ರಕ್ತ ಇದೆ ಅನ್ನುವುದರಿಂದ ಹೆಸರಲ್ಲ, ಎಲ್ಲಿಗೆ ಹೊರಟಿದೆ ಅನ್ನುವುದರಿಂದ.

ಬಸ್ಸಿನ ಬೋರ್ಡು! ಧಾರವಾಡದ ಬೋರ್ಡು ಇದ್ದರೆ ಅದು ಧಾರವಾಡದ ಗಾಡಿ. ಒಳಗೆ ಕೂತವರು ಯಾರು ಅಂತ ನೋಡಿ ಬೋರ್ಡು ಬರೆಯುವುದಿಲ್ಲ.

ಕೂಗಿಬಿಟ್ಟೆ. "ಸೃಷ್ಟೀ, ಇಲ್ ಬಾ!" ಅವಳು ಏನಾಯಿತೋ ಅಂತ ಓಡಿ ಬಂದಳು. ತೋರಿಸಿದೆ. ಬೋರ್ಡಿನ ಮಾತೂ ಹೇಳಿದೆ. ಬಾಗಿ ಓದಿದಳು. ಎರಡು ಸಲ ಓದಿದಳು. ನೆಲದ ಮೇಲೆ ಕೂತಳು.

"ಚಿತ್ರದ ಕೆಳಗಿಂದು ನಾ ಓದೇ ಇಲ್ಲ. ಅದು ಪರೀಕ್ಷಾಕ್ಕ ಬರಂಗಿಲ್ಲ ಅಂತ... ಹತ್ತ್ ಮಾರ್ಕ್ಸಿಂದು ಬಂದಿತ್ತು ಅಪ್ಪಾ. ಇದ ಪ್ರಶ್ನಿ. ಎಲ್ಲಾ ಉಲ್ಟಾ ಬರದು ಬಂದೀನಿ."

ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಅಂದಳು, "ನಾ ಓದೀನ್ರಿ. ಎಲ್ಲಾ ಪುಟಾ ಓದೀನಿ. ಒಂದೂ ಬಿಟ್ಟಿಲ್ಲ."

"ಗೊತ್ತೈತಿ" ಅಂದೆ.

ಅಷ್ಟೇ ಅಂದೆ. ತಪ್ಪಾಯಿತು ಅನ್ನುವುದು ಬಾಕಿ ಉಳಿಯಿತು. ಎದ್ದು ಹೋದಳು.

ಆಗಸ್ಟ್ 27, ಬುಧವಾರ. ಗಣೇಶ ಚೌತಿ. ಮಧ್ಯಾಹ್ನ 4.00

ಶಿದ್ದಪ್ಪ ಹೆಂಡತಿ-ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದೆವು, ನಾನು ಮಾತ್ರ ಕುರ್ಚಿಯ ಮೇಲೆ. ಕಡಬು ಬಡಿಸುತ್ತಿದ್ದವಳು ಸೃಷ್ಟಿ.

ಶಿದ್ದಪ್ಪನೇ ತೆಗೆದ. "ಏನ್ರಿ, ಓದಿ ತೋರಸ್ತೇನಿ ಅಂದಿದ್ರಿ. ಎಲ್ಲಿಗ್ ಬಂತು?" ನಗುವುದಕ್ಕೇ ಕೇಳಿದ್ದು. ಅವನ ತಪ್ಪಿಲ್ಲ.

ಪುಸ್ತಕ ತರಿಸಿದೆ. ಪುಟ 41 ತೆರೆದು ಅವನ ಕೈಗೆ ಕೊಟ್ಟೆ.

"ನಾ ಓದಿದೆ. ಫೇಲ್ ಆದೆ. ಈ ಪೆನ್ಸಿಲ್ ನೋಡು. ಒಂದೊಂದು ಪುಟಕ್ಕ ನೂರಾ ನಲವತ್ ಪದ. ಪೂರಾ ಪುಸ್ತಕ ಹಿಂಗ ಐತಿ. ಅಕಿ ಮಲಗಿದ್ದಿಲ್ಲ ಶಿದ್ದಪ್ಪಾ. ಅವತ್ತ ನಿನ್ನ ಮುಂದ ನಾ ಸುಳ್ಳ ಹೇಳೀನಿ. ಅದಕ್ಕ ನಿನ್ನ ಮುಂದನ ಹೇಳಾಕತ್ತೇನಿ. ನಂದು ತಪ್ಪಾತು."

ಶಿದ್ದಪ್ಪ ಪುಟ ತಿರುವಿದ. ಮತ್ತೊಂದು ತಿರುವಿದ. ತುಪ್ಪದ ಕೈ ತಾಗಿ ಮೂಲೆಗೆ ಜಿಡ್ಡಾಯಿತು.

ಸೃಷ್ಟಿ ಕಡಬಿನ ಬುಟ್ಟಿ ಹಿಡಿದು ನಿಂತಿದ್ದಳು. ಅಡುಗೆಮನೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಉಳಿದವರಿಗೆ ರೇಣವ್ವನೇ ಬಡಿಸಿದಳು.

ಸೆಪ್ಟೆಂಬರ್ 2, ಮಂಗಳವಾರ

ಪ್ಲಾಸ್ಟರ್ ತೆಗೆದರು. ಕಾಲು ಯಾರದೋ ಅನ್ನಿಸುತ್ತದೆ. ದಿನಾ ಕೆರೆಯ ದಂಡೆಯವರೆಗೆ ನಡೆಯಬೇಕು. 17ಕ್ಕೆ ಡ್ಯೂಟಿ.

ಸೃಷ್ಟಿ ಮಾತಾಡುತ್ತಾಳೆ ಈಗ. ಚಹಾ ಬೇಕೇನ್ರಿ, ಗುಳಗಿ ತಗೊಂಡ್ರೇನ್ರಿ. ಅಷ್ಟು. ಫಾರ್ಮಿನ ಮಾತಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ. ಬೆಳಿಗ್ಗೆ 9.20

ಪುಟ 219. ಪಾಠ ಮುಗಿಸಿ ನಿನ್ನೆ ಹಾಕಿದ ನನ್ನ ಸಹಿಯ ಕೆಳಗೆ ಪೆನ್ಸಿಲ್ಲಿನಲ್ಲಿ ಎರಡು ಪದ: "ಏನು ತಿಳೀತು?"

ಚೆಕಿಂಗ್ ಬಿದ್ದಿದೆ! ಇಪ್ಪತ್ತಾರು ವರ್ಷದಲ್ಲಿ ಒಂದು ಮೆಮೊ ಇಲ್ಲದವನು ನಾನು. ಕೆಳಗೆ ನಾಲ್ಕು ಸಾಲು ಬರೆದೆ. ಡಿಪೋ, ಎರಡು ಟ್ರಿಪ್, ಎಡಗೋಡೆ ದಪ್ಪ, ಬೋರ್ಡು. ಬರೆದು ಪುಸ್ತಕವನ್ನು ಟಿವಿಯ ಪಕ್ಕದಲ್ಲಿಟ್ಟೆ.

ಸೆಪ್ಟೆಂಬರ್ 6

ಉತ್ತರ ಬಂದಿದೆ. "ವಾಲ್ವ್ ಬಿಟ್ಟೀರಿ. ವಾಲ್ವ್ ಇಲ್ಲದಿದ್ದರ ರಕ್ತ ಹಿಂದ ಬರತೈತಿ. ಪುಟ 209." ಕೆಳಗೆ ಇನ್ಸ್‌ಪೆಕ್ಟರ್ ಹಾಗೆ ಒಂದು ಗೀಟು.

ನಿಜವೇ. ಬಿಟ್ಟಿದ್ದೆ.

ಸೆಪ್ಟೆಂಬರ್ 10, ಬುಧವಾರ. ಸಂಜೆ 5.30

ರೇಣವ್ವ ಬೈಯುತ್ತಿದ್ದಾಳೆ, ಪಡಸಾಲೆ ತುಂಬ ರಬ್ಬರಿನ ಪುಡಿ ಅಂತ. ಎರಡು ದಿನದಿಂದ ಸೃಷ್ಟಿ ಕೂತು ಪೆನ್ಸಿಲ್ ಅಳಿಸುತ್ತಿದ್ದಾಳೆ. ಹೃದಯದ ಪಾಠ ಪೂರ್ತಿ ಅಳಿಸಿದ್ದಾಳೆ. ಪುಟಕ್ಕೆ ನಾಲ್ಕೋ ಐದೋ ಪದ ಮಾತ್ರ ಉಳಿಸಿದ್ದಾಳೆ. ಆದಾಗ್ಯೂ ಒಂದೂ ಇಲ್ಲ.

"ಇಷ್ಟ್ ಕಷ್ಟಪಟ್ಟು ಬರದಿದ್ದು" ಅಂದೆ.

"ಇದರಾಗ ಪುಸ್ತಕಾನ ಕಾಣವಲ್ದಾಗಿತ್ರಿ" ಅಂದಳು. ಊದಿದಳು. ಪುಡಿ ನನ್ನ ಮಡಿಲಿಗೆ ಬಿತ್ತು.

ಅಳಿಸಿದ್ದಾಳೆ ಅಂದರೆ ಮತ್ತೆ ಓದುತ್ತಾಳೆ ಅಂತಲೋ? ಪುಸ್ತಕ ಯಾರಿಗಾದರೂ ಕೊಟ್ಟುಬಿಡಲು ಸ್ವಚ್ಛ ಮಾಡುತ್ತಿದ್ದಾಳೋ? ಕೇಳಲು ಧೈರ್ಯ ಸಾಲಲಿಲ್ಲ.

ಸೆಪ್ಟೆಂಬರ್ 13, ಶನಿವಾರ. ಬೆಳಿಗ್ಗೆ 8.00

ಕೆರೆಯ ದಂಡೆಗೆ ಇಬ್ಬರೂ ಹೋಗಿದ್ದೆವು. ನಾನು ಕೋಲು ಹಿಡಿದು, ಅವಳು ಪಕ್ಕದಲ್ಲಿ. ಕೇಳಿದೆ.

"ಫಾರ್ಮ್ ಯಾಕ ತುಂಬವಲ್ಲಿ? ಮತ್ತ ಫೇಲ್ ಆಗ್ತೇನಿ ಅಂತ ಅಂಜಿಕಿ ಏನು?"

ನಡೆಯುತ್ತಲೇ ಹೇಳಿದಳು.

"ಫೇಲ್ ಆಗಾಕ ಅಂಜಿಕಿ ಇಲ್ರಿ. ಓದಿ ಫೇಲ್ ಆದ್ರೂ ಓದೇ ಇಲ್ಲ ಅಂತೀರಲಾ, ಅದಕ್ಕ ಅಂಜಿಕಿ. ಆವಾಗ ನಾ ಮಾಡಿದ್ದು ಏನೂ ಉಳಿಯಂಗಿಲ್ಲ."

ಇನ್ನು ಅನ್ನುವುದಿಲ್ಲ ಅನ್ನಬಹುದಿತ್ತು. ಆದರೆ ಒಮ್ಮೆ ಅಂದವನ ಮಾತಿಗೆ ಏನು ಬೆಲೆ? ಬೆಂಚಿನ ಮೇಲೆ ಕೂತೆವು. ಕಡೆಗೆ ಇಷ್ಟೇ ಅಂದೆ: "ನೀ ಓದೂದು ನಾ ನೋಡೇನಿ. ಈಗ ಗೊತ್ತೈತಿ ಓದೂದು ಎಷ್ಟ್ ತ್ರಾಸು ಅಂತ. ಗೊತ್ತಿದ್ದಾಂವಗ ಹಂಗ ಅನ್ನಾಕ ಬರಂಗಿಲ್ಲ."

ನಾನು ಏಳುವಾಗ ಆಸರೆಗೆ ಕೈ ಚಾಚಿದಳು.

ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ 10.10

ಒಂಬತ್ತಕ್ಕೆ ದವಾಖಾನೆಯವರ ಫೋನು ಬಂತು. ಒಳಗೆ ಹೋಗಿ ಮಾತಾಡಿದಳು. ಒಂಬತ್ತು ನಲವತ್ತಕ್ಕೆ ಚೀಲ ಹಾಕಿಕೊಂಡು ಹೊರಟಳು. ಎಲ್ಲಿಗೆ ಅಂತ ಹೇಳಲಿಲ್ಲ. ದವಾಖಾನೆಯೂ ವಿದ್ಯಾನಗರ, ಕಾಲೇಜೂ ವಿದ್ಯಾನಗರ. ಒಂದೇ ಬಸ್ಸು. ಒಂದು ಸ್ಟಾಪು ಆಚೆ ಈಚೆ.

ಟಿವಿಯ ಪಕ್ಕ ಪುಸ್ತಕ ಇಲ್ಲ.

12.40

ಫಾರ್ಮ್ ಐದಕ್ಕೆ ಬಂದ್. ಫೋನು ಮೂರು ಸಲ ಕೈಗೆ ತಗೊಂಡೆ. ಇಟ್ಟೆ. ಈಗ ಕೇಳಿದರೆ ಅದು ಚೆಕಿಂಗ್. ಹೋಗಲಿ ಬಿಡು, ಯಾವ ಸ್ಟಾಪಿನಲ್ಲಿ ಇಳಿಯಬೇಕು ಅನ್ನುವುದು ಪ್ಯಾಸೆಂಜರಿಗೆ ಗೊತ್ತು... ಅಂತ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ಆಗುತ್ತಿಲ್ಲ.

ಟೋಕನ್ ಕೊಡುವುದೇನೂ ಕೀಳು ಕೆಲಸವಲ್ಲ. ನಾನು ಟಿಕೆಟ್ ಕೊಟ್ಟೇ ಇವಳನ್ನು ಬೆಳೆಸಿದ್ದು. ಆದರೆ ಹೋದರೆ ಇಷ್ಟಪಟ್ಟು ಹೋಗಬೇಕು. ನನ್ನ ಒಂದು ಮಾತಿನಿಂದ ಹೋಗಬಾರದು.

ರೇಣವ್ವ ಊಟಕ್ಕೆ ಕರೆದಳು. ಅರ್ಧ ರೊಟ್ಟಿ ತಿಂದು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಕೂತೆ.

5.50

ಐದೂ ಇಪ್ಪತ್ತಕ್ಕೆ ಬಂದಳು. ಕಾಲು ತೊಳೆದಳು. ತಾಯಿಯ ಜೊತೆ ಚಹಾ ಕುಡಿದಳು. ನಾನು ಕೇಳಲಿಲ್ಲ. ಪೇಪರ್ ಹಿಡಿದು ಕೂತಿದ್ದೆ, ಉಲ್ಟಾ ಹಿಡಿದಿದ್ದೆ ಅಂತ ಈಗ ರೇಣವ್ವ ಹೇಳುತ್ತಾಳೆ.

ಚೀಲದಿಂದ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಅವತ್ತು ಇಟ್ಟ ಹಾಗೆಯೇ. ನಡುವೆ ಮಡಿಚಿದ ಒಂದು ಹಾಳೆ. ತೆರೆದೆ. ಅವಳ ಫೋಟೊ, ಹೆಸರು, ಸಪ್ಲಿಮೆಂಟರಿ, ಅನಾಟಮಿ-ಫಿಜಿಯಾಲಜಿ. ಭರ್ತಿಯಾದ ಸಮಯ 11.52.

ಅಳು ಬಂತು. ಬಂದದ್ದು ಬಂತು, ಬರೆದೇ ಬಿಡುತ್ತೇನೆ.

"ಅಲ್ಲಿ ಲೈಬ್ರರಿಯಾಗ ಕುಂತ ಓದಿ ಬಂದೆ. ಕಿಡ್ನಿ" ಅಂದಳು. ಹಾಳೆ ಇದ್ದದ್ದು ಪುಟ 318. ಕಿಡ್ನಿಯ ಪಾಠದ ಕಡೆಯ ಪುಟ. ಒಂದು ಪ್ರಶ್ನೆಗೆ ಗುರುತು. ಪೆನ್ಸಿಲ್ ಪದ ಮೂರೇ ಮೂರು. ಕೆಳಗೆ ಬಲಮೂಲೆಯಲ್ಲಿ, ನಾನು ಸಹಿ ಹಾಕುವ ಜಾಗದಲ್ಲಿ, ಹೀಗಿದೆ:

ಓದಿದವಳು: ಸೃಷ್ಟಿ
ಕೇಳಿದವರು:

ಅದರ ಮುಂದೆ ಖಾಲಿ. ಪೆನ್ನು ತೆಗೆದೆ. ತಡೆದಳು.

"ಈಗ ಬ್ಯಾಡ್ರಿ ಅಪ್ಪಾ. ಮೊದಲ ಕೇಳ್ರಿ. ನಿಮಗ ತಿಳದ್ರ ಹಾಕ್ರಿ."

ಪುಸ್ತಕ ಮುಚ್ಚಿದ್ದಾಳೆ. ಎದುರಿಗೆ ಕೂತಿದ್ದಾಳೆ. ರೇಣವ್ವನೂ ಕೈ ಒರೆಸಿಕೊಂಡು ಬಂದಳು. ನಾನು ಇದನ್ನು ಬರೆಯುವುದು ಮುಗಿಯಲಿ ಅಂತ ಕಾಯುತ್ತಿದ್ದಾಳೆ... ಇಲ್ಲ, ಕಾಯಲಿಲ್ಲ, ಶುರು ಮಾಡಿಯೇ ಬಿಟ್ಟಳು. ಕಿಡ್ನಿಗೆ ಬರುವ ರಕ್ತ ಮೊದಲು —